ಗಂಧಕದ ಅಣುವೂ ಧಮನಿಯ ಉರಿಯೂತವೂ

1933ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಂಟು ವರ್ಷದ ಬಾಲಕನೊಬ್ಬನು ಪಾರ್ಶ್ವವಾಯುವಿಗೆ ತುತ್ತಾಗಿ ತೀರಿಕೊಂಡನು. ಮರಣೋತ್ತರ ಪರೀಕ್ಷೆಯನ್ನು ನಡೆಸಿದ ವೈದ್ಯರು ಆ ಎಳೆಯ ದೇಹದ ಧಮನಿಗಳು ಇಳಿವಯಸ್ಸಿನವರ ಧಮನಿಗಳಂತೆ ದಪ್ಪಗಟ್ಟಿ ಗಡುಸಾಗಿದ್ದುದನ್ನು ಕಂಡು ವಿಸ್ಮಿತರಾದರು; ಕಂಡುದನ್ನು ಬರೆದಿಟ್ಟರು, ಪ್ರಕಟಿಸಿದರು; ಆದರೆ ಅದಕ್ಕೆ ಕಾರಣವನ್ನು ಹೇಳುವಷ್ಟು ಜ್ಞಾನವು ಅಂದಿನ ವೈದ್ಯಶಾಸ್ತ್ರಕ್ಕೆ ಒದಗಿರಲಿಲ್ಲ. ಮೂರು ದಶಕಗಳು ಕಳೆದ ಮೇಲೆ ಅದೇ ನಗರದಲ್ಲಿ ಬಾಲಕಿಯೊಬ್ಬಳಿಗೆ ಹೋಮೋಸಿಸ್ಟಿನ್ಯೂರಿಯ ಎಂಬ ಅಪೂರ್ವವಾದ ಆನುವಂಶಿಕ ವ್ಯಾಧಿಯಿರುವುದು ಪತ್ತೆಯಾದಾಗ, ತನ್ನ ಸೋದರನೂ ಬಾಲ್ಯದಲ್ಲಿಯೇ ಇಂಥದೇ ಲಕ್ಷಣಗಳಿಂದ ತೀರಿಕೊಂಡನೆಂದು ಅವಳ ತಾಯಿ ತಿಳಿಸಿದಳು. ಆ ಸೋದರನೇ 1933ರ ಬಾಲಕನಾಗಿದ್ದನು.

ಈ ವ್ಯಾಧಿಗೆ ಹೆಸರು ಬಂದುದೇ 1962ರಲ್ಲಿ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ನೀನಾ ಕಾರ್ಸನ್ ಮತ್ತು ಅವರ ಸಹೋದ್ಯೋಗಿ ನೀಲ್ ಎಂಬವರು ಬುದ್ಧಿಯ ಬೆಳವಣಿಗೆ ಕುಂಠಿತವಾಗಿದ್ದ ಮಕ್ಕಳ ಮೂತ್ರವನ್ನು ಪರೀಕ್ಷಿಸುತ್ತಿದ್ದಾಗ, ಕೆಲವರ ಮೂತ್ರದಲ್ಲಿ ಗಂಧಕವನ್ನೊಳಗೊಂಡ ಒಂದು ಅಮೈನೋ ಆಮ್ಲವು ವಿಪರೀತವಾಗಿ ವಿಸರ್ಜನೆಯಾಗುತ್ತಿರುವುದನ್ನು ಕಂಡಿದ್ದರು. ಬಾಸ್ಟನ್ನಿನ ರೋಗಶಾಸ್ತ್ರಜ್ಞ ಕಿಲ್ಮರ್ ಮೆಕಲಿಯು ಆಸ್ಪತ್ರೆಯ ಸಂಗ್ರಹದಲ್ಲಿ ಉಳಿದಿದ್ದ 1933ರ ಬಾಲಕನ ಅಂಗಾಂಶಗಳನ್ನು ಹುಡುಕಿ ತೆಗೆಯಿಸಿ ಸೂಕ್ಷ್ಮದರ್ಶಕದಡಿ ಮತ್ತೆ ನೋಡಿದನು. ಧಮನಿಯ ಗೋಡೆಯಲ್ಲಿ ನಾರಿನಂಥ ಗಡ್ಡೆಗಳು ಕಟ್ಟಿದ್ದುವು. ಆದರೆ ಧಮನಿಕಾಠಿಣ್ಯದ ಮೂಲವೆಂದು ಆಗ ಎಲ್ಲರೂ ಭಾವಿಸಿದ್ದ ಕೊಬ್ಬು ಅಲ್ಲಿ ಕಾಣಲಿಲ್ಲ. ಕೆಲಕಾಲದಲ್ಲಿಯೇ ಎರಡು ತಿಂಗಳ ಮತ್ತೊಂದು ಶಿಶುವಿನ ಧಮನಿಗಳಲ್ಲಿಯೂ ಅವನು ಅದೇ ವಿಕೃತಿಯನ್ನು ಕಂಡನು. ಇಲ್ಲಿಯೇ ಅವನ ತರ್ಕದ ಸೊಗಸು ಇರುವುದು. ಮೊದಲನೆಯ ವ್ಯಾಧಿಯಲ್ಲಿ ಒಂದು ಕಿಣ್ವದ ಅಭಾವದಿಂದ ಮೆಥಿಯೋನೀನ್ ಎಂಬ ಅಮೈನೋ ಆಮ್ಲವು ರಕ್ತದಲ್ಲಿ ಹೆಚ್ಚುತ್ತದೆ. ಎರಡನೆಯ ಶಿಶುವಿನಲ್ಲಿ ದೋಷವಿದ್ದುದು ಬಿ12 ಜೀವಸತ್ತ್ವದ ಉಪಯೋಗದಲ್ಲಿ; ದೇಹದಲ್ಲಿ ಮೆಥಿಯೋನೀನ್ ಮರಳಿ ಹುಟ್ಟಲು ಆ ಜೀವಸತ್ತ್ವವು ಬೇಕಾದುದರಿಂದ ಅಲ್ಲಿ ಮೆಥಿಯೋನೀನ್ ತಗ್ಗಿತ್ತು. ಎರಡು ದೋಷಗಳೂ ಪರಸ್ಪರ ವಿರುದ್ಧ ದಿಕ್ಕಿನವಾಗಿರಲು, ಎರಡರಲ್ಲಿಯೂ ಸಮಾನವಾಗಿ ಮಿತಿಮೀರಿದ್ದ ವಸ್ತುವು ಒಂದೇ, ಅದು ಹೋಮೋಸಿಸ್ಟೀನ್. ಧಮನಿಗೆ ಹಾನಿಮಾಡಿದ್ದು ಅದೇ ಇರಬೇಕೆಂದು 1969ರಲ್ಲಿ ಅವನು ಪ್ರಕಟಿಸಿದನು. ಅಷ್ಟಕ್ಕೇ ನಿಲ್ಲದೆ, ಅಪೂರ್ವವ್ಯಾಧಿಯ ಮಕ್ಕಳಲ್ಲಿ ಅತಿಯಾಗಿ ಕಾಣುವ ಈ ವಸ್ತುವು ಸಾಮಾನ್ಯ ಜನರಲ್ಲಿ ಅಲ್ಪಸ್ವಲ್ಪವಾಗಿ ಏರಿದಾಗಲೂ ಧಮನಿಗಳನ್ನು ನಿಧಾನವಾಗಿ ಕೆಡಿಸುತ್ತಿರಬಹುದೆಂಬ ಊಹೆಯನ್ನೂ ಮುಂದಿಟ್ಟನು. ಕೊಲೆಸ್ಟೆರಾಲಿನ ವಾದವು ಪ್ರಬಲವಾಗಿದ್ದ ಆ ದಿನಗಳಲ್ಲಿ ಅವನ ಮಾತಿಗೆ ಮನ್ನಣೆ ದೊರೆಯಲಿಲ್ಲ; 1970ರ ದಶಕವು ಮುಗಿಯುವ ವೇಳೆಗೆ ಅವನು ತನ್ನ ಸ್ಥಾನವನ್ನೂ ಪ್ರಯೋಗಶಾಲೆಯನ್ನೂ ಕಳೆದುಕೊಂಡಿದ್ದನು.

ಹೋಮೋಸಿಸ್ಟೀನ್ ನಾವು ಉಣ್ಣುವ ಅನ್ನದಿಂದ ನೇರವಾಗಿ ಬರುವಂಥದಲ್ಲ. ಅದು ದೇಹದೊಳಗೆ ಹುಟ್ಟಿ ದೇಹದೊಳಗೇ ರೂಪಾಂತರ ಹೊಂದುವ ಮಧ್ಯವರ್ತಿ ವಸ್ತು. ಅದನ್ನು ಮೊದಲು ಪ್ರಯೋಗಶಾಲೆಯಲ್ಲಿ ಪಡೆದವನು ವಿನ್ಸೆಂಟ್ ದು ವಿನ್ಯೋ. 1932ರಲ್ಲಿ ಮೆಥಿಯೋನೀನನ್ನು ಪ್ರಬಲವಾದ ಗಂಧಕಾಮ್ಲದೊಡನೆ ಸಂಸ್ಕರಿಸಿ ಅವನು ಅದನ್ನು ಪಡೆದನು. ಗಂಧಕಯುಕ್ತ ಜೈವಿಕ ಪದಾರ್ಥಗಳ ಮೇಲೆ ನಡೆಸಿದ ಕಾರ್ಯಕ್ಕಾಗಿ ಅವನಿಗೆ 1955ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಹಾಲು, ಮೊಟ್ಟೆ, ಮಾಂಸ, ಧಾನ್ಯಗಳ ಪ್ರೋಟೀನಿನಲ್ಲಿರುವ ಮೆಥಿಯೋನೀನ್ ಜೀವಕೋಶವನ್ನು ಸೇರಿದ ಮೇಲೆ, ಒಂದು ಇಂಗಾಲ ಮತ್ತು ಮೂರು ಜಲಜನಕಗಳ ಮೀಥೈಲ್ ಎಂಬ ಪುಟ್ಟ ಅಣುಗುಚ್ಛವನ್ನು ಡಿಎನ್‌ಎಗೂ ಪ್ರೋಟೀನುಗಳಿಗೂ ಇನ್ನೂ ಅನೇಕ ಪದಾರ್ಥಗಳಿಗೂ ದಾನಮಾಡುತ್ತದೆ. ದಾನಮಾಡಿದ ಮೇಲೆ ಉಳಿಯುವ ದೇಹವೇ ಹೋಮೋಸಿಸ್ಟೀನ್. ಅದಕ್ಕೆ ಮುಂದೆ ಎರಡು ದಾರಿಗಳುಂಟು. ಫೋಲಿಕ್ ಆಮ್ಲದಿಂದ ಬಂದ ಮೀಥೈಲ್ ಗುಚ್ಛವನ್ನು ಬಿ12ರ ನೆರವಿನಿಂದ ಮತ್ತೆ ಪಡೆದು ಮೆಥಿಯೋನೀನ್ ಆಗಿ ಹಿಂದಿರುಗುವುದು ಒಂದು. ಬಿ6ರ ನೆರವಿನಿಂದ ಸಿಸ್ಟೀನ್ ಆಗಿ ಮಾರ್ಪಟ್ಟು ದೇಹದ ಅನ್ಯ ಕಾರ್ಯಗಳಿಗೆ ಸಲ್ಲುವುದು ಇನ್ನೊಂದು. ಈ ಮೂರು ಜೀವಸತ್ತ್ವಗಳಲ್ಲಿ ಯಾವುದು ಕೊರೆಯಾದರೂ, ಮೂತ್ರಪಿಂಡಗಳು ದುರ್ಬಲವಾದರೂ, ಥೈರಾಯ್ಡ್ ಗ್ರಂಥಿಯ ಸ್ರಾವ ಕಡಮೆಯಾದರೂ, ದಾರಿಗಳು ಸಂಕುಚಿತವಾಗಿ ಹೋಮೋಸಿಸ್ಟೀನ್ ರಕ್ತಕ್ಕೆ ಸೋರುತ್ತದೆ. ಒಂದು ಲೀಟರ್ ರಕ್ತದ್ರವದಲ್ಲಿ 5ರಿಂದ 15 ಮೈಕ್ರೋಮೋಲ್ ಇರುವುದು ಸಾಮಾನ್ಯ. ಬೆಲ್‌ಫಾಸ್ಟಿನ ಮಕ್ಕಳಂಥವರಲ್ಲಿ ಅದು 100ನ್ನು ದಾಟುವುದುಂಟು. (ಫೋಲಿಕ್ ಆಮ್ಲದ ಚರಿತ್ರೆಯಲ್ಲಿ ನಮ್ಮ ದೇಶಕ್ಕೆ ಗೌರವದ ಸ್ಥಾನವಿದೆಯೆಂಬುದನ್ನು ಇಲ್ಲಿ ನೆನೆಯದಿರಲಾರೆ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್, ಬಡ ಗಿರಣಿ ಕಾರ್ಮಿಕರ ಗರ್ಭಿಣಿ ಸ್ತ್ರೀಯರನ್ನು ಪೀಡಿಸುತ್ತಿದ್ದ ರಕ್ತಹೀನತೆಯು ಯೀಸ್ಟಿನ ಸಾರದಿಂದ ಗುಣವಾಗುವುದೆಂದು ತೋರಿಸಿಕೊಟ್ಟಳು. ಆ ಸಾರದೊಳಗಿನ ಸತ್ತ್ವವನ್ನು 1945ರಲ್ಲಿ ಕೃತಕವಾಗಿ ಸಿದ್ಧಪಡಿಸಿದ ತಂಡದ ನಾಯಕರು ಯೆಲ್ಲಾಪ್ರಗಡ ಸುಬ್ಬರಾಯರು.)

ಇನ್ನು ಉರಿಯೂತದ ಮಾತು. ಕೆಂಪು, ಬಾವು, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಕೆಲ್ಸಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಎಣಿಸಿದ್ದನು. ಮುಳ್ಳು ಚುಚ್ಚಿದ ಬೆರಳಿನಲ್ಲಿ ಈ ನಾಲ್ಕನ್ನೂ ನಾವು ಅನುಭವಿಸಿದ್ದೇವೆ. ಆದರೆ ಧಮನಿಯ ಗೋಡೆಯಲ್ಲಿ ನಡೆಯುವ ಉರಿಯೂತವು ಕಣ್ಣಿಗೂ ಕಾಣದು, ನರಕ್ಕೂ ತಿಳಿಯದು. ದಶಕಗಳ ಕಾಲ ಮೌನವಾಗಿ ಬೆಳೆದು ಒಂದು ದಿನ ಹೃದಯಾಘಾತವಾಗಿಯೋ ಪಾರ್ಶ್ವವಾಯುವಾಗಿಯೋ ಪ್ರಕಟವಾಗುತ್ತದೆ. ಧಮನಿಕಾಠಿಣ್ಯದಲ್ಲಿ ಉರಿಯೂತದ ಪಾತ್ರವುಂಟೆಂದು ಜರ್ಮನಿಯ ರುಡಾಲ್ಫ್ ವಿರ್ಖೊ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೇ ವಾದಿಸಿದ್ದನು. 1913ರಲ್ಲಿ ರಷ್ಯಾದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟೆರಾಲ್ ತಿನ್ನಿಸಿ ಅವುಗಳ ಧಮನಿಗಳನ್ನು ಕೆಡಿಸಿ ತೋರಿಸಿದ ಮೇಲೆ ಕೊಬ್ಬಿನ ಕಥೆಯು ಮುಂದಕ್ಕೆ ಬಂದಿತು, ಉರಿಯೂತದ ಕಥೆಯು ಹಿಂದೆ ಸರಿಯಿತು. ಅಮೆರಿಕದ ರಸ್ಸೆಲ್ ರಾಸ್ 1999ರಲ್ಲಿ ಧಮನಿಕಾಠಿಣ್ಯವು ಉರಿಯೂತದ ವ್ಯಾಧಿಯೇ ಎಂದು ಸ್ಪಷ್ಟವಾಗಿ ಸಾರುವ ವೇಳೆಗೆ ಇವೆರಡೂ ಬೇರೆ ಬೇರೆ ಕಥೆಗಳಲ್ಲವೆಂಬುದು ಮನದಟ್ಟಾಗಿತ್ತು. ಹೋಮೋಸಿಸ್ಟೀನಿನ ಸಂಶೋಧನೆಯು ಹೊಸ ದಿಕ್ಕನ್ನು ಹಿಡಿದುದೂ ಅದೇ ಕಾಲದಲ್ಲಿ.

ಧಮನಿಯ ಒಳಮೈಯನ್ನು ಒಂದೇ ಒಂದು ಕೋಶದಷ್ಟು ತೆಳುವಾದ ಪದರವು ಆವರಿಸಿಕೊಂಡಿದೆ. ರಕ್ತಕ್ಕೂ ಗೋಡೆಗೂ ನಡುವಿನ ಬರಿಯ ಪರದೆಯೆಂದು ಇದನ್ನು ಹಿಂದಿನವರು ಎಣಿಸಿದ್ದರು. ಈಗ ತಿಳಿದುಬಂದಿರುವಂತೆ ಇದು ಅತ್ಯಂತ ಚಟುವಟಿಕೆಯ ಅಂಗ. ಆರೋಗ್ಯದ ಸ್ಥಿತಿಯಲ್ಲಿ ಈ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅಲ್ಪಾಯುವಾದ ಅನಿಲವನ್ನು ನಿರಂತರವಾಗಿ ಸೃಜಿಸುತ್ತಿರುತ್ತವೆ. ಅದು ಧಮನಿಯ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ, ರಕ್ತದ ಚಪ್ಪಟೆಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ, ಬಿಳಿಯ ರಕ್ತಕಣಗಳು ಗೋಡೆಗೆ ಹತ್ತಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಈ ಅನಿಲದ ಅಭಾವವೇ ಉರಿಯೂತಕ್ಕೆ ಬಾಗಿಲು ತೆರೆಯುವ ಮೊದಲ ಹೆಜ್ಜೆ. ಹೋಮೋಸಿಸ್ಟೀನ್ ಮೊದಲು ಕೈಹಾಕುವುದೂ ಇಲ್ಲಿಯೇ. ಅದರ ತುದಿಯಲ್ಲಿರುವ ಗಂಧಕ-ಜಲಜನಕದ ಜೋಡಿಯು ಲೋಹದ ಅಯಾನುಗಳ ಸಮ್ಮುಖದಲ್ಲಿ ಆಮ್ಲಜನಕದೊಡನೆ ಕೂಡಿದಾಗ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ತೀಕ್ಷ್ಣ ವಸ್ತುಗಳು ಹುಟ್ಟುತ್ತವೆ. ಪೆರಾಕ್ಸೈಡನ್ನು ನಿರ್ವಿಷಗೊಳಿಸಬೇಕಾದ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದ ಉತ್ಪತ್ತಿಯನ್ನೂ ಹೋಮೋಸಿಸ್ಟೀನ್ ತಗ್ಗಿಸುವುದರಿಂದ, ಆಕ್ರಮಣವು ಹೆಚ್ಚುವ ಹೊತ್ತಿನಲ್ಲಿಯೇ ರಕ್ಷಣೆಯು ಕುಗ್ಗುತ್ತದೆ. ಸೂಪರ್‌ಆಕ್ಸೈಡ್ ನೈಟ್ರಿಕ್ ಆಕ್ಸೈಡನ್ನು ಕಬಳಿಸಿ ಪೆರಾಕ್ಸಿನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಉಪಕಾರಿಯಾದ ಅನಿಲವು ನಷ್ಟವಾಗುವುದಷ್ಟೇ ಅಲ್ಲ, ಅದರ ಸ್ಥಾನದಲ್ಲಿ ಅಪಕಾರಿಯೊಂದು ಹುಟ್ಟಿಕೊಳ್ಳುತ್ತದೆ. ಇದರ ಮೇಲೆ, ನೈಟ್ರಿಕ್ ಆಕ್ಸೈಡಿನ ತಯಾರಿಯನ್ನೇ ತಡೆಯುವ ಅಸಮ ಡೈಮೀಥೈಲ್ ಆರ್ಜಿನೀನ್ ಎಂಬ ಪದಾರ್ಥವನ್ನು ಒಡೆಯುವ ಕಿಣ್ವವೂ ದುರ್ಬಲವಾಗಿ ಆ ಪದಾರ್ಥವು ಶೇಖರವಾಗುತ್ತ ಹೋಗುತ್ತದೆ.

ಕೋಶದೊಳಗೆ ಈ ಕ್ಷೋಭೆಯು ಒಂದು ಮಿತಿಯನ್ನು ಮೀರಿದಾಗ, ಅಲ್ಲಿ ನಿಷ್ಕ್ರಿಯವಾಗಿ ಬಿದ್ದಿದ್ದ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ತನ್ನ ಬಂಧನವನ್ನು ಬಿಡಿಸಿಕೊಂಡು ಕೋಶಕೇಂದ್ರವನ್ನು ಪ್ರವೇಶಿಸಿ, ಉರಿಯೂತಕ್ಕೆ ಸಂಬಂಧಪಟ್ಟ ಅನೇಕ ಜೀನುಗಳನ್ನು ಒಟ್ಟಿಗೆ ಎಚ್ಚರಿಸುತ್ತದೆ. ಮನುಷ್ಯನ ಮಹಾಧಮನಿಯ ಒಳಪದರದ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಹೋಮೋಸಿಸ್ಟೀನಿಗೆ ಒಡ್ಡಿದ ಸಂಶೋಧಕರು 2001ರಲ್ಲಿ ಪ್ರಕಟಿಸಿದಂತೆ, ಆ ಕೋಶಗಳು ಎಂಸಿಪಿ-1 ಮತ್ತು ಇಂಟರ್‌ಲ್ಯೂಕಿನ್-8 ಎಂಬ ಎರಡು ಪದಾರ್ಥಗಳನ್ನು ಹೆಚ್ಚಾಗಿ ಸ್ರವಿಸತೊಡಗುತ್ತವೆ. ಇವು ರಕ್ತದಲ್ಲಿ ಸಂಚರಿಸುತ್ತಿರುವ ಬಿಳಿಯ ಕಣಗಳಿಗೆ ಕರೆಯ ಸಂಕೇತಗಳು. ಎಂಸಿಪಿ-1 ಮೋನೋಸೈಟುಗಳನ್ನೂ ಇಂಟರ್‌ಲ್ಯೂಕಿನ್-8 ಮುಖ್ಯವಾಗಿ ನ್ಯೂಟ್ರೋಫಿಲ್‌ಗಳನ್ನೂ ಕರೆಯುತ್ತವೆ. ಜೊತೆಗೆ ಕೋಶಗಳ ಮೇಲ್ಮೈಯಲ್ಲಿ ಅಂಟುಪ್ರೋಟೀನುಗಳು ತಲೆಯೆತ್ತುತ್ತವೆ. ಕರೆಗೆ ಓಗೊಟ್ಟು ಬಂದ ಮೋನೋಸೈಟು ಆ ಪ್ರೋಟೀನುಗಳ ಮೇಲೆ ಉರುಳಿ, ನಿಂತು, ಕೋಶಗಳ ಸಂದಿಯಲ್ಲಿ ನುಸುಳಿ ಗೋಡೆಯೊಳಗೆ ಸೇರಿ ಭಕ್ಷಕಕೋಶವಾಗಿ ರೂಪಾಂತರ ಹೊಂದುತ್ತದೆ. ಅಲ್ಲಿ ಅದು ಆಕ್ಸೀಕೃತವಾದ ಕೊಲೆಸ್ಟೆರಾಲ್ ಕಣಗಳನ್ನು ನುಂಗುತ್ತ ನುಂಗುತ್ತ ನೊರೆಕೋಶವಾಗಿ ಉಬ್ಬುತ್ತದೆ; ತಾನೂ ಇಂಟರ್‌ಲ್ಯೂಕಿನ್‌ಗಳನ್ನು ಹೊರಸೂಸಿ ಇನ್ನಷ್ಟು ಕಣಗಳನ್ನು ಕರೆಯುತ್ತದೆ. ಕೊಬ್ಬಿನ ಕಥೆಯೂ ಉರಿಯೂತದ ಕಥೆಯೂ ಸಂಧಿಸುವುದು ಈ ನೊರೆಕೋಶದಲ್ಲಿ. ಇಂಟರ್‌ಲ್ಯೂಕಿನ್-6 ರಕ್ತದ ಮೂಲಕ ಯಕೃತ್ತನ್ನು ತಲಪಿ ಸಿ-ರಿಯಾಕ್ಟಿವ್ ಪ್ರೋಟೀನಿನ ಉತ್ಪಾದನೆಯನ್ನು ಪ್ರಚೋದಿಸುವುದರಿಂದಲೇ, ಧಮನಿಯೊಳಗಿನ ಕಾಣದ ಉರಿಯನ್ನು ತೋಳಿನಿಂದ ತೆಗೆದ ರಕ್ತದಲ್ಲಿ ಅಳೆಯಲು ಇಂದು ಸಾಧ್ಯವಾಗಿದೆ.

ಉರಿಯನ್ನು ಹೊತ್ತಿಸುವ ಬೇರೆ ಮಾರ್ಗಗಳೂ ಹೋಮೋಸಿಸ್ಟೀನಿಗೆ ಉಂಟು. ಪ್ರೋಟೀನುಗಳನ್ನು ಮಡಿಸಿ ಸಿದ್ಧಪಡಿಸುವ ಕೋಶಾಂಗದಲ್ಲಿ ಅದು ಗಂಧಕದ ಬಂಧಗಳನ್ನು ಕೆಡಿಸುವುದರಿಂದ ತಪ್ಪಾಗಿ ಮಡಿಸಿದ ಪ್ರೋಟೀನುಗಳು ರಾಶಿಯಾಗಿ, ಕೋಶವು ಒತ್ತಡಕ್ಕೆ ಸಿಕ್ಕಿ ಕೊಬ್ಬನ್ನು ತಯಾರಿಸತೊಡಗುತ್ತದೆ. ಅದರದೇ ಒಂದು ಉಂಗುರರೂಪವಾದ ಥಯೋಲ್ಯಾಕ್ಟೋನ್ ರಕ್ತದ ಪ್ರೋಟೀನುಗಳ ಲೈಸೀನ್ ಅಂಶಕ್ಕೆ ಅಂಟಿ ಅವುಗಳ ರೂಪವನ್ನು ಬದಲಿಸುತ್ತದೆ. ರೂಪ ಬದಲಾದ ಪ್ರೋಟೀನನ್ನು ದೇಹದ ರಕ್ಷಣಾವ್ಯವಸ್ಥೆಯು ಪರಕೀಯವೆಂದು ಬಗೆದು ಅದರ ವಿರುದ್ಧ ಪ್ರತಿಕಾಯಗಳನ್ನು ಸೃಷ್ಟಿಸುವುದುಂಟು. ಗೋಡೆಯ ಸ್ನಾಯುಕೋಶಗಳು ವೃದ್ಧಿಯಾಗುತ್ತವೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯೂ ಏರುತ್ತದೆ.

ಇವೆಲ್ಲವೂ ಗಾಜಿನ ತಟ್ಟೆಯ ಮಾತಲ್ಲವೇ ಎಂದು ವಾಚಕರು ಕೇಳಬಹುದು; ಕೇಳಲೇಬೇಕು. ಅನೇಕ ಪ್ರಯೋಗಗಳಲ್ಲಿ ಬಳಸಿದ ಹೋಮೋಸಿಸ್ಟೀನಿನ ಪ್ರಮಾಣವು ನೂರಾರು ಮೈಕ್ರೋಮೋಲ್, ಕೆಲವೆಡೆ ಸಾವಿರ; ನಮ್ಮ ರಕ್ತದಲ್ಲಿರುವುದಾದರೋ ಬಹುಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಬಂಧಿತವಾಗಿದ್ದು, ಸ್ವತಂತ್ರವೂ ಕ್ರಿಯಾಶೀಲವೂ ಆದ ರೂಪದಲ್ಲಿರುವುದು ನೂರರಲ್ಲಿ ಒಂದು ಭಾಗದಷ್ಟು ಮಾತ್ರ. ಆದರೂ ಜೀವಂತ ಪ್ರಾಣಿಯಲ್ಲಿ ಸಿಕ್ಕಿದ ಸಾಕ್ಷ್ಯವನ್ನು ತಳ್ಳಿಹಾಕಲಾಗದು. ಧಮನಿಕಾಠಿಣ್ಯಕ್ಕೆ ಸಹಜವಾಗಿ ಒಳಗಾಗುವ ಒಂದು ತಳಿಯ ಇಲಿಗಳಿಗೆ ಮೆಥಿಯೋನೀನ್ ಹೆಚ್ಚಾಗಿಯೂ ಬಿ ಗುಂಪಿನ ಜೀವಸತ್ತ್ವಗಳು ಕಡಮೆಯಾಗಿಯೂ ಇರುವ ಆಹಾರವನ್ನು ಕೊಟ್ಟಾಗ, ಹೋಮೋಸಿಸ್ಟೀನ್ ಏರಿ, ಧಮನಿಯ ಗೋಡೆಯಲ್ಲಿ ಅಂಟುಪ್ರೋಟೀನುಗಳೂ ಉರಿಯೂತದ ಇತರ ಗುರುತುಗಳೂ ಹೆಚ್ಚಿ, ಗಡ್ಡೆಗಳು ಬೇಗ ಬೆಳೆದುವು. ಜೀವಸತ್ತ್ವಗಳನ್ನು ಧಾರಾಳವಾಗಿ ಸೇರಿಸಿದಾಗ ಉರಿಯೂತವು ತಗ್ಗಿತು. ಇದೂ 2001ರಲ್ಲಿಯೇ ಪ್ರಕಟವಾದುದು.

ಈ ನಡುವೆ ಮನುಷ್ಯರಲ್ಲಿಯೂ ಸಾಕ್ಷ್ಯವು ಸಂಗ್ರಹವಾಗುತ್ತಿತ್ತು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ವಿಲ್ಕೆನ್ ದಂಪತಿಗಳು 1976ರಲ್ಲಿಯೇ, ಹೃದಯದ ಧಮನಿರೋಗವುಳ್ಳವರು ಮೆಥಿಯೋನೀನಿನ ಭಾರವನ್ನು ಇತರರಷ್ಟು ಚೆನ್ನಾಗಿ ನಿರ್ವಹಿಸಲಾರರೆಂದು ತೋರಿಸಿದ್ದರು. 1990ರ ದಶಕದಲ್ಲಿ ಹೋಮೋಸಿಸ್ಟೀನ್ ಹೆಚ್ಚಿರುವವರಲ್ಲಿ ಹೃದ್ರೋಗವೂ ಪಾರ್ಶ್ವವಾಯುವೂ ಹೆಚ್ಚೆಂಬ ವರದಿಗಳು ಒಂದರ ಮೇಲೊಂದು ಬಂದು, ಮೆಕಲಿಯ ಹೆಸರು ಮತ್ತೆ ಗೌರವದಿಂದ ಕೇಳಿಬರತೊಡಗಿತು. ಜೀವಸತ್ತ್ವದ ಗುಳಿಗೆಯು ಅಗ್ಗ, ನಿರುಪದ್ರವಿ. ಹೋಮೋಸಿಸ್ಟೀನನ್ನು ನಿಶ್ಚಯವಾಗಿ ತಗ್ಗಿಸುತ್ತದೆ. ಇಷ್ಟು ಸುಲಭವಾದ ಉಪಾಯದಿಂದ ಲಕ್ಷಾಂತರ ಜೀವಗಳು ಉಳಿದಾವೆಂಬ ಆಸೆಯು ವೈದ್ಯರಲ್ಲಿ ಮೂಡಿದುದು ಸಹಜವಾಗಿತ್ತು.

ಆಸೆಯು ಈಡೇರಲಿಲ್ಲ. 2006ರಲ್ಲಿ ನಾರ್ವೆಯಿಂದ 3,749 ಹೃದಯಾಘಾತದ ರೋಗಿಗಳ ಮೇಲೆ ನಡೆದ ನಾರ್ವಿಟ್ ಪರೀಕ್ಷೆಯ ಫಲವೂ, ಹಲವು ದೇಶಗಳ 5,522 ಜನರನ್ನು ಐದು ವರ್ಷ ಅನುಸರಿಸಿದ ಹೋಪ್-2 ಪರೀಕ್ಷೆಯ ಫಲವೂ ಹೊರಬಿದ್ದುವು. 2010ರಲ್ಲಿ ಬ್ರಿಟನ್ನಿನ 12,064 ಜನರ ಸರ್ಚ್ ಪರೀಕ್ಷೆ ಬಂದಿತು. ಹೋಮೋಸಿಸ್ಟೀನ್ ಕಾಲುಭಾಗದಷ್ಟು ಇಳಿದಿತ್ತು, ಹೃದಯಾಘಾತಗಳು ಇಳಿಯಲಿಲ್ಲ. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಸಂಗತಿಯೆಂದರೆ, ಇಂಥ ಪರೀಕ್ಷೆಗಳ ಅಂಗವಾಗಿ ಕೆಲವು ರೋಗಿಗಳಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ಮುಂತಾದ ಉರಿಯೂತದ ಗುರುತುಗಳನ್ನು ಅಳೆದು ನೋಡಿದಾಗ, ಹೋಮೋಸಿಸ್ಟೀನ್ ತಗ್ಗಿದ್ದರೂ ಆ ಗುರುತುಗಳು ತಗ್ಗಿರಲಿಲ್ಲ.

ನಮ್ಮ ನೈಯಾಯಿಕರು ಕಾರಣದ ವಿಚಾರವನ್ನು ಮಾಡುವಾಗ ಅನ್ಯಥಾಸಿದ್ಧವೆಂಬ ಒಂದು ವರ್ಗವನ್ನು ಹೇಳಿದ್ದಾರೆ. ಕುಂಬಾರನ ಮನೆಗೆ ಮಣ್ಣನ್ನು ಹೊತ್ತು ತರುವ ಕತ್ತೆಯು ಮಡಕೆ ಹುಟ್ಟುವ ಮುನ್ನ ಅಲ್ಲಿರುವುದು ನಿಜವಾದರೂ ಅದು ಮಡಕೆಗೆ ಕಾರಣವಲ್ಲ; ಚಕ್ರವೂ ಅದನ್ನು ತಿರುಗಿಸುವ ಕೋಲೂ ಕಾರಣಗಳು. ಹೋಮೋಸಿಸ್ಟೀನ್ ಕೋಲೋ ಕತ್ತೆಯೋ ಎಂಬುದೇ ಪ್ರಶ್ನೆ. ಧಮನಿಗಳು ಕೆಟ್ಟಾಗ ಮೂತ್ರಪಿಂಡದ ಸೂಕ್ಷ್ಮನಾಳಗಳೂ ಕೆಡುತ್ತವೆ; ಮೂತ್ರಪಿಂಡವು ಕೆಟ್ಟರೆ ಹೋಮೋಸಿಸ್ಟೀನ್ ಏರುತ್ತದೆ. ಹಾಗಿದ್ದಲ್ಲಿ ನಾವು ಫಲವನ್ನೇ ಕಾರಣವೆಂದು ಭ್ರಮಿಸಿರಲಿಕ್ಕೂ ಸಾಕು. ಇದನ್ನು ಪರೀಕ್ಷಿಸಲು ಪ್ರಕೃತಿಯೇ ಒಂದು ಉಪಾಯವನ್ನು ಒದಗಿಸಿದೆ: ಫೋಲಿಕ್ ಆಮ್ಲವನ್ನು ಮೀಥೈಲ್ ದಾನಕ್ಕೆ ಅಣಿಗೊಳಿಸುವ ಒಂದು ಕಿಣ್ವದ ಜೀನಿನಲ್ಲಿ ಸಣ್ಣದೊಂದು ವ್ಯತ್ಯಾಸವನ್ನು ಹೊತ್ತು ಹುಟ್ಟಿದವರಲ್ಲಿ ಹೋಮೋಸಿಸ್ಟೀನ್ ಆಜೀವವೂ ಸ್ವಲ್ಪ ಹೆಚ್ಚಿರುತ್ತದೆ. ಕಾರಣವಾಗಿದ್ದರೆ ಅವರಲ್ಲಿ ಹೃದಯಾಘಾತವೂ ಹೆಚ್ಚಿರಬೇಕಿತ್ತು. ದೊಡ್ಡ ಗಣನೆಗಳಲ್ಲಿ ಹಾಗೆ ಕಂಡುಬರಲಿಲ್ಲ.

ಆದರೂ ಹೋಮೋಸಿಸ್ಟೀನನ್ನು ಪೂರ್ಣವಾಗಿ ನಿರ್ದೋಷಿಯೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೋಮೋಸಿಸ್ಟಿನ್ಯೂರಿಯದ ಮಕ್ಕಳಿಗೆ ಚಿಕಿತ್ಸೆಯಿತ್ತು ಅದನ್ನು ತಗ್ಗಿಸಿದರೆ, ಸಹಜದ ಮಟ್ಟವನ್ನು ಮುಟ್ಟದಿದ್ದರೂ, ರಕ್ತನಾಳಗಳ ಆಪತ್ತುಗಳು ಬಹುವಾಗಿ ಕಡಮೆಯಾಗುತ್ತವೆ. ಪಾರ್ಶ್ವವಾಯುವಿನ ವಿಷಯವೂ ಹೃದಯಾಘಾತದ ವಿಷಯಕ್ಕಿಂತ ಭಿನ್ನವಾಗಿದೆ: ಹಿಟ್ಟಿಗೆ ಫೋಲಿಕ್ ಆಮ್ಲವನ್ನು ಕಡ್ಡಾಯವಾಗಿ ಸೇರಿಸದ ಚೀನದಲ್ಲಿ, ರಕ್ತದ ಒತ್ತಡವುಳ್ಳ 20,702 ಜನರಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒತ್ತಡದ ಔಷಧಿಯನ್ನು ಮಾತ್ರ ಪಡೆದವರಲ್ಲಿ ಶೇಕಡ 3.4 ಮಂದಿಗೂ ಅದರೊಡನೆ ಫೋಲಿಕ್ ಆಮ್ಲವನ್ನು ಪಡೆದವರಲ್ಲಿ ಶೇಕಡ 2.7 ಮಂದಿಗೂ ಮೊದಲ ಪಾರ್ಶ್ವವಾಯು ಸಂಭವಿಸಿತು. ಉರಿಯೂತವನ್ನು ತಗ್ಗಿಸಿದರೆ ಹೃದಯಕ್ಕೆ ಪ್ರಯೋಜನವುಂಟೆಂಬುದು 2017ರಲ್ಲಿ ಬೇರೊಂದು ದಾರಿಯಿಂದ ಸಿದ್ಧವಾಯಿತು; ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಔಷಧಿಯನ್ನು 10,061 ಜನರಲ್ಲಿ ಪರೀಕ್ಷಿಸಿದಾಗ, ಕೊಲೆಸ್ಟೆರಾಲ್ ಬದಲಾಗದೆ ಇದ್ದರೂ, ಒಂದು ಪ್ರಮಾಣದಲ್ಲಿ ಅದನ್ನು ಪಡೆದವರ ಹೃದಯದ ಆಪತ್ತುಗಳು ಶೇಕಡ 15ರಷ್ಟು ತಗ್ಗಿದುವು. ಉರಿಯೂತವು ಕಾರಣವೆಂಬುದು ಇದರಿಂದ ಸ್ಥಿರಪಟ್ಟಿತು. ಮಟ್ಟವು ವಿಪರೀತವಾದಾಗ ಹೋಮೋಸಿಸ್ಟೀನ್ ಆ ಉರಿಗೆ ನಿಜವಾದ ಇಂಧನ. ಮಟ್ಟವು ಅಲ್ಪವಾಗಿ ಏರಿದಾಗ ಅದು ಬಹುಮಟ್ಟಿಗೆ ಬೇರೆ ಕೆಡುಕುಗಳ ಸೂಚಕ. ಸಾಕ್ಷ್ಯಗಳೆಲ್ಲವನ್ನೂ ತೂಗಿ ನೋಡಿದಾಗ ನನಗೆ ಸಮಂಜಸವೆಂದು ತೋರುವ ನಿರ್ಣಯವಿದು.

ಸಸ್ಯಾಹಾರಿಗಳು ಅಧಿಕವಾಗಿರುವ ನಮ್ಮ ಸೀಮೆಯಲ್ಲಿ ಈ ವಿಚಾರಕ್ಕೆ ಇನ್ನೊಂದು ಮುಖವುಂಟು. ಬಿ12 ಸಸ್ಯಗಳಲ್ಲಿ ಇಲ್ಲ. ಹಾಲು ಮೊಸರುಗಳಲ್ಲಿ ಸ್ವಲ್ಪ, ಮೊಟ್ಟೆ ಮೀನು ಮಾಂಸಗಳಲ್ಲಿ ಸಮೃದ್ಧವಾಗಿ ಇರುವುದು. ಪುಣೆಯಲ್ಲಿಯೂ ಅದರ ಸುತ್ತಲೂ 441 ನಡುವಯಸ್ಸಿನ ಪುರುಷರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 67 ಮಂದಿಗೆ ಬಿ12 ಕೊರತೆಯಿದ್ದು ಶೇಕಡ 58 ಮಂದಿಗೆ ಹೋಮೋಸಿಸ್ಟೀನ್ ಹೆಚ್ಚಾಗಿತ್ತು. ಹಳ್ಳಿಯವರಿಗಿಂತ ನಗರದ ಮಧ್ಯಮವರ್ಗದವರ ಸ್ಥಿತಿಯೇ ಕೆಟ್ಟಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ನಡೆದು 2009ರಲ್ಲಿ ಬೆಳಕಿಗೆ ಬಂದ ಅಧ್ಯಯನದಲ್ಲಿಯೂ ಗರ್ಭಿಣಿಯರಲ್ಲಿ ಶೇಕಡ 43 ಮಂದಿಗೆ ಈ ಜೀವಸತ್ತ್ವ ಸಾಲದಾಗಿತ್ತು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಾನುಗಟ್ಟಲೆ ಸೇವಿಸುವವರಲ್ಲಿ ಕೊರತೆಯು ಇನ್ನೂ ಗಾಢವಾಗುತ್ತದೆ. ನಾರ್ವೆಯ, ಬ್ರಿಟನ್ನಿನ ಪರೀಕ್ಷೆಗಳಿಗೆ ಒಳಪಟ್ಟ ಜನರಲ್ಲಿ ಬಹುಪಾಲು ಮಂದಿಗೆ ಇಷ್ಟು ಕೊರತೆ ಇರಲಿಲ್ಲ. ಆದುದರಿಂದ ಅಲ್ಲಿಯ ನಿರಾಶೆಯನ್ನು ನಮ್ಮ ಮೇಲೆ ಹಾಗೆಯೇ ಆರೋಪಿಸುವುದು ಸರಿಯಾಗದು, ಅಲ್ಲಿಯ ಹಳೆಯ ಆಸೆಯನ್ನು ಹಾಗೆಯೇ ತರುವುದೂ ಸರಿಯಾಗದು. ಬಿ12 ಕೊರತೆಯನ್ನು ಪರೀಕ್ಷಿಸಿ ನೀಗಿಸಿಕೊಳ್ಳಲು ಹೃದಯದ ನೆಪವೇ ಬೇಕಾಗಿಲ್ಲ: ಅದಿಲ್ಲದಿದ್ದರೆ ಕೈಕಾಲುಗಳ ನರಗಳು ಜೋಮು ಹಿಡಿದು ಕೆಡುತ್ತವೆ, ನಡಿಗೆಯ ಸ್ಥಿರತೆ ತಪ್ಪುತ್ತದೆ, ನೆನಪು ಕುಂದುತ್ತದೆ. ಬಿ12ನ್ನು ನೋಡದೆ ಫೋಲಿಕ್ ಆಮ್ಲವನ್ನು ಮಾತ್ರ ಹೆಚ್ಚಾಗಿ ಸೇವಿಸುವವರಲ್ಲಿ ರಕ್ತಹೀನತೆಯು ಮಾಯವಾಗಿ, ನರಗಳ ಹಾನಿಯು ಒಳಗೊಳಗೇ ಮುಂದುವರಿಯುವ ಅಪಾಯವುಂಟು. ಎರಡನ್ನೂ ಒಟ್ಟಿಗೆ ಅಳೆಯಿಸಿ, ವೈದ್ಯರ ಸಲಹೆಯಂತೆ ಕೊರತೆಯಿರುವುದನ್ನು ತುಂಬಿಕೊಳ್ಳುವುದು ವಿಹಿತ.